ಮೆರವಣಿಗೆಯ ಕುದುರೆ

(ಬಾನುಲಿ ಭಾಷಣ)

ನಮ್ಮ ನಾಡಿನಲ್ಲಿ ವೀರರನ್ನು ನೆನೆಯಬೇಕಾದಾಗಲೆಲ್ಲ ನಾವು ಅವರನ್ನು ಕುದುರೆಯ ಮೇಲೆ ಕೂರಿಸುತ್ತೇವೆ. ಹುಬ್ಬಳ್ಳಿಯ ವೃತ್ತದಲ್ಲಿ ಕಿತ್ತೂರ ಚೆನ್ನಮ್ಮ ಕುದುರೆಯ ಮೇಲಿದ್ದಾಳೆ. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಸಂಗೊಳ್ಳಿ ರಾಯಣ್ಣ ಕುದುರೆಯ ಮೇಲಿದ್ದಾನೆ. 2007ರ ಸೆಪ್ಟೆಂಬರ್ 11ರಂದು ದೆಹಲಿಯ ಸಂಸತ್ ಭವನದ ಆವರಣದಲ್ಲಿ ಅನಾವರಣಗೊಂಡ ಚೆನ್ನಮ್ಮನ ಪ್ರತಿಮೆಯೂ ಅಶ್ವಾರೂಢವಾದದ್ದೇ. ಹಳ್ಳಿಗಳ ಹೊರವಲಯದಲ್ಲಿ ಹುಲ್ಲು ಬೆಳೆದು ಮರೆಯಾಗಿರುವ ವೀರಗಲ್ಲುಗಳನ್ನು ನೋಡಿದರೆ ಅಲ್ಲಿಯೂ ಎಷ್ಟೋ ಕಡೆ, ಹೆಸರು ಅಳಿಸಿಹೋದ ಯಾವನೋ ರಾವುತ ಆಯುಧ ಹಿಡಿದು ಕುದುರೆಯ ಮೇಲೆಯೇ ಇದ್ದಾನೆ. ಕಲ್ಲಿನ ಕುದುರೆಗೂ ಕಂಚಿನ ಕುದುರೆಗೂ ಒಂದು ಅನುಕೂಲವುಂಟು: ಅವು ಬೆದರುವುದಿಲ್ಲ. ನಾನು ಈ ಹೊತ್ತು ಮಾತನಾಡಬೇಕೆಂದಿರುವುದು ಬೆದರುವ ಕುದುರೆಗಳನ್ನು ಕುರಿತು. ರಾಷ್ಟ್ರೀಯ ಹಬ್ಬಗಳ ಮೆರವಣಿಗೆಯಲ್ಲಿ ಬ್ಯಾಂಡಿನ ಹಿಂದೆ, ಬಾವುಟಗಳ ನಡುವೆ, ತನ್ನ ಬೆನ್ನ ಮೇಲಿರುವುದು ರಾಣಿಯೋ ರಾಷ್ಟ್ರವೋ ಎಂಬ ಗೊಡವೆಯೇ ಇಲ್ಲದೆ ನಡೆದುಹೋಗುವ ಜೀವಂತ ಕುದುರೆಗಳನ್ನು ಕುರಿತು.

ಈ ವಿಷಯದಲ್ಲಿ ನನಗೆ ಒಂದು ದಿನದ ಅಧಿಕಾರವಿದೆ. 1975ರ ಜನವರಿ 26ರಂದು, ಬೈಲಹೊಂಗಲಕ್ಕೆ ಅಷ್ಟೇನೂ ದೂರವಲ್ಲದ ಒಂದು ಊರಿನಲ್ಲಿ, ನಾನು ಕಿತ್ತೂರ ಚೆನ್ನಮ್ಮನಾಗಿ ಕುದುರೆಯೇರಿದ್ದೆ. ಆಗ ನನಗೆ ಹದಿನೈದು ವರ್ಷ. ಹಿಂದಿನ ಅಕ್ಟೋಬರಿಗೆ ಕಿತ್ತೂರಿನ ವಿಜಯಕ್ಕೆ ನೂರೈವತ್ತು ವರ್ಷ ತುಂಬಿತ್ತು. ಆ ಉತ್ಸಾಹವಿನ್ನೂ ಆರಿರಲಿಲ್ಲವಾದ್ದರಿಂದ ಊರಿನ ಗಣರಾಜ್ಯೋತ್ಸವ ಸಮಿತಿಯವರು ಆ ಸಲದ ಮೆರವಣಿಗೆಯಲ್ಲಿ ಚೆನ್ನಮ್ಮನ ಸವಾರಿ ಇರಲೇಬೇಕೆಂದು ಗೊತ್ತುಮಾಡಿದರು. ನನ್ನನ್ನು ಆರಿಸಿದ್ದಕ್ಕೆ ಕಾರಣ ಶೌರ್ಯವಲ್ಲ, ಎತ್ತರ. ಅಜ್ಜಿಯ ಇಳಕಲ್ಲ ಸೀರೆ ಕಚ್ಚೆ ಹಾಕಿ ಉಟ್ಟರೆ ನೆಲಕ್ಕೆ ತಾಗದ ಹುಡುಗಿ ನಮ್ಮ ಶಾಲೆಯಲ್ಲಿ ನಾನೊಬ್ಬಳೇ ಇದ್ದೆ.

ಕಥೆ ನಿಮಗೆ ತಿಳಿದದ್ದೇ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆ ಕಿತ್ತೂರ ಕೋಟೆಯ ಮುಂದೆ ಗುಂಡಿಗೆ ಬಲಿಯಾದ. ಆ ಗುಂಡು ಅಮಟೂರ ಬಾಳಪ್ಪನದೆಂದು ನಾಡಿನ ನೆನಪು. ಅಂದು ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಮುಂದೆ ಇದೇ ಎಲಿಯಟ್ ಕನ್ನಡ ನಾಡಿನ ಶಾಸನಗಳ ನೂರಾರು ಪ್ರತಿಗಳನ್ನು ಸಂಗ್ರಹಿಸಿ ನಮ್ಮ ಇತಿಹಾಸಕಾರರನ್ನು ಋಣಿಗಳನ್ನಾಗಿಸಿದ. ಎಂ.ಎ. ತರಗತಿಯಲ್ಲಿ ಆತನ ಹೆಸರು ಬಂದಾಗಲೆಲ್ಲ, ಕಿತ್ತೂರಿನವರು ಆತನನ್ನು ಜೀವಸಹಿತ ಉಳಿಸಿದ್ದು ಎಷ್ಟು ಒಳ್ಳೆಯದಾಯಿತೆಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂತು, ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು 1829ರ ಫೆಬ್ರುವರಿ 2ರಂದು ತೀರಿಕೊಂಡಳು. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ನಮ್ಮ ಗಣರಾಜ್ಯದ ದಿನಕ್ಕೂ ಆ ದಿನಕ್ಕೂ ಹೀಗೆ ಒಂದು ನಂಟು ಬಿದ್ದಿದೆ. ನಾವು ಎಂದೆಂದಿಗೂ ಕುದುರೆಯ ಮೇಲೆಯೇ ಕಾಣುವ ಈ ರಾಣಿ ತನ್ನ ಕೊನೆಯ ನಾಲ್ಕು ವರ್ಷಗಳನ್ನು ನಾಲ್ಕು ಗೋಡೆಗಳ ನಡುವೆ ಕಳೆದಳೆಂಬುದನ್ನು ಯಾವ ಮೆರವಣಿಗೆಯೂ ತೋರಿಸುವುದಿಲ್ಲ. ತೋರಿಸಲು ಬರುವುದೂ ಇಲ್ಲವೇನೋ. ನಮ್ಮ ಕಾಲದ ಹುಡುಗಿಯರ ಕಣ್ಣಿಗೆ ಕಟ್ಟಿದ್ದ ಚೆನ್ನಮ್ಮ, ನಿಜ ಹೇಳಬೇಕೆಂದರೆ, 1961ರ ಬಿ.ಆರ್. ಪಂತುಲು ಅವರ ಚಿತ್ರದ ಬಿ. ಸರೋಜಾದೇವಿ.

ರಾಣಿ ಸಿಕ್ಕಿದಳು, ಕುದುರೆ ಸಿಗಬೇಕಲ್ಲ! ಊರಿನಲ್ಲಿದ್ದವು ಟಾಂಗಾದ ಕುದುರೆಗಳು. ಅವುಗಳಲ್ಲಿ ಮೈಕೈ ತುಂಬಿಕೊಂಡಿದ್ದ ಒಂದು ಕಂದುಬಣ್ಣದ ಹೆಣ್ಣು ಕುದುರೆಯನ್ನು ಸಮಿತಿಯವರು ಮೆಚ್ಚಿದರು. ಅದರ ಹೆಸರು ಮೋತಿ. ಅದರ ಯಜಮಾನರನ್ನು ಊರಿಗೆ ಊರೇ ಚಾಚಾ ಎಂದು ಕರೆಯುತ್ತಿತ್ತು. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಕ್ಯಾಲೆಂಡರಿನ ಚಿತ್ರದಲ್ಲಿದ್ದ ಕುದುರೆ ಬಿಳಿಯದು. ಆದ್ದರಿಂದ ಒಬ್ಬ ಮಾಸ್ತರರು ಮೋತಿಗೆ ತೆಳ್ಳಗೆ ಸುಣ್ಣ ಹಚ್ಚಬಹುದೆಂಬ ಸಲಹೆ ಕೊಟ್ಟರು. ಚಾಚಾ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಸುಣ್ಣಾ ಬಳ್ಯಾಕ ಇದೇನ್ ಗ್ವಾಡಿ ಏನ್ರಿ, ಮಾಸ್ತರ?" ಎಂದರು. ಬಣ್ಣದ ಮಾತು ಅಲ್ಲಿಗೆ ಮುಗಿಯಿತು.

ಚಾಚಾ ಹಾಕಿದ ಕರಾರು ಒಂದೇ. ಹುಡುಗಿ ಎಂಟು ದಿನ ಮುಂಜಾನೆ ತಮ್ಮ ಅಂಗಳಕ್ಕೆ ಬರಬೇಕು. ಸಮಿತಿಯವರಿಗೆ ಇದು ಅತಿಯೆನಿಸಿತು. ಕುದುರೆ ನಡೆಯುವುದು ಒಂದೂವರೆ ಮೈಲಿ, ಹುಡುಗಿಯ ಕೆಲಸ ಕೂರುವುದಷ್ಟೇ. ಚಾಚಾ ಜಗ್ಗಲಿಲ್ಲ.

ಮೊದಲ ಎರಡು ಮುಂಜಾನೆ ಅವರು ನನ್ನನ್ನು ಕುದುರೆಯ ಮೇಲೆ ಹತ್ತಿಸಲೇ ಇಲ್ಲ. ನೆನೆಸಿದ ಹುರುಳಿಯನ್ನು ಅಂಗೈ ಚಾಚಿ ತಿನ್ನಿಸು, ಕೊರಳು ಸವರು, ಅದರ ಹಿಂದೆ ಹೋಗಬೇಡ, ಹೋಗಲೇಬೇಕಾದರೆ ಮೈಮೇಲೆ ಕೈಯಿಟ್ಟುಕೊಂಡು ಮಾತಾಡುತ್ತ ಹೋಗು. ಇಷ್ಟೇ ಪಾಠ. ಮೂರನೆಯ ದಿನ ಜೀನು ಬಂತು. ಟಾಂಗಾದ ಕುದುರೆಗೆ ಸವಾರಿಯ ಜೀನೆಲ್ಲಿಯದು? ಪಕ್ಕದ ಊರಿನಲ್ಲಿ ಮದುವೆಯ ಕುದುರೆ ಇಟ್ಟವರಿಂದ ಕಡ ತಂದಿದ್ದರು. ಮೇಲೆ ಕುಳಿತೊಡನೆ ನಾನು ಮಾಡಿದ ಮೊದಲ ಕೆಲಸ, ಎಲ್ಲರೂ ಮಾಡುವಂತೆ, ಲಗಾಮನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದದ್ದು. ಚಾಚಾ ನನ್ನ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಜಗ್ಗಬ್ಯಾಡ ಬೇಟಿ. ಅದರ ಬಾಯಾಗ ಕಬ್ಬಿಣ ಐತಿ. ನಿನ್ನ ಬಾಯಾಗ ಕಬ್ಬಿಣ ಇಟ್ಟು ಜಗ್ಗಿದ್ರ ನೀ ಯಾರ ಮಾತ ಕೇಳ್ತಿ?"

ಇನ್ನೊಂದು ತಾಲೀಮು ನನಗಾಗಿ ನಡೆದದ್ದಲ್ಲ, ಮೋತಿಗಾಗಿ. ಬ್ಯಾಂಡಿನವರು ಒಂದು ದಿನವಾದರೂ ಅಂಗಳಕ್ಕೆ ಬಂದು ಬಾರಿಸಲಿ ಎಂದು ಚಾಚಾ ಕೇಳಿಕೊಂಡಿದ್ದರು. ಕುದುರೆಗೆ ಕಛೇರಿ ಮಾಡಲು ಅವರು ಒಪ್ಪಲಿಲ್ಲ. ಆಗ ಚಾಚಾ ತಮ್ಮ ಮೊಮ್ಮಗನ ಕೈಗೆ ಒಂದು ಖಾಲಿ ಎಣ್ಣೆಯ ಡಬ್ಬಿ ಕೊಟ್ಟು ಓಣಿಯ ತುದಿಯಲ್ಲಿ ನಿಲ್ಲಿಸಿದರು. ಇತ್ತ ಮೋತಿ ಹುರುಳಿ ತಿನ್ನಬೇಕು, ಅತ್ತ ಹುಡುಗ ಡಬ್ಬಿ ಬಡಿಯಬೇಕು. ಮೊದಲ ದಿನ ಮೋತಿ ತಿನ್ನುವುದನ್ನು ಬಿಟ್ಟು ತಲೆಯೆತ್ತಿ ನಿಂತಿತು. ಅದು ಮತ್ತೆ ಬಾಯಿ ಹಾಕುವವರೆಗೂ ಹುಡುಗ ಒಂದು ಹೆಜ್ಜೆಯೂ ಮುಂದೆ ಬರುವಂತಿರಲಿಲ್ಲ. ದಿನಕ್ಕೆ ಹತ್ತಿಪ್ಪತ್ತು ಹೆಜ್ಜೆಯಂತೆ ಹತ್ತಿರವಾಗುತ್ತ, ಎಂಟನೆಯ ದಿನ ಆತ ಅದರ ಮೂತಿಯ ಪಕ್ಕದಲ್ಲೇ ನಿಂತು ಬಡಿದ. ಮೋತಿ ಕಿವಿಯಾಡಿಸುತ್ತ ಹುರುಳಿ ಮೆಲ್ಲುತ್ತಿತ್ತು. ಬಾವುಟದ ಬದಲಿಗೆ ಚಾಚಾರ ಮನೆಯವರು ಒಂದು ಹಳೆಯ ಸೀರೆಯನ್ನು ಪಟಪಟನೆ ಕೊಡವುತ್ತಿದ್ದರು. ಅಕ್ಷರ ಬಾರದ ಆ ಮನುಷ್ಯನ ಈ ಕ್ರಮದಲ್ಲಿದ್ದ ಶಿಕ್ಷಣಶಾಸ್ತ್ರವನ್ನು ಮುಂದೆ ಮೂವತ್ತು ವರ್ಷ ಪಾಠ ಹೇಳಿದ ನಾನು ಎಷ್ಟೋ ಸಲ ಅಸೂಯೆಯಿಂದ ನೆನೆದಿದ್ದೇನೆ.

ಕುದುರೆ ಏಕೆ ಇಷ್ಟು ಬೆದರುತ್ತದೆ ಎಂದು ಕೇಳಬಹುದು. ಅದು ಹುಲ್ಲು ಮೇಯುವ ಪ್ರಾಣಿ. ಮೇಲೆ ಬೀಳುವವರಿಂದ ಓಡಿ ಬದುಕಿದ ವಂಶದ್ದು. ಅದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ತಲೆ ತಿರುಗಿಸದೆಯೇ ಸುತ್ತಮುತ್ತ ಹೆಚ್ಚುಕಡಿಮೆ ಎಲ್ಲವೂ ಕಾಣುತ್ತದೆ. ಕಾಣದಿರುವುದು ಹಣೆಯ ಎದುರಿಗೆ ಸ್ವಲ್ಪ, ಬಾಲದ ಹಿಂದೆ ಸ್ವಲ್ಪ. ಎರಡು ಕಿವಿಗಳೂ ಬೇರೆ ಬೇರೆಯಾಗಿ ತಿರುಗಿ ಬೇರೆ ಬೇರೆ ದಿಕ್ಕಿನ ಸಪ್ಪಳ ಹಿಡಿಯುತ್ತವೆ. ಇಂಥ ಪ್ರಾಣಿಯನ್ನು ಸಾವಿರ ಜನರ ನಡುವೆ ತಂದರೆ ಅದಕ್ಕೆ ಸಾವಿರ ಜನರೂ ಒಮ್ಮೆಗೇ ಕಾಣುತ್ತಾರೆ, ಕೇಳುತ್ತಾರೆ. ಅದಕ್ಕಾಗಿಯೇ ಗಾಡಿಯ ಕುದುರೆಗೆ ಕಣ್ಣಪಟ್ಟಿ ಕಟ್ಟುವುದು. ಕಣ್ಣಪಟ್ಟಿಯಲ್ಲೇ ವರ್ಷಗಳನ್ನು ಕಳೆದ ಕುದುರೆಗೆ ಜಗತ್ತೆಂದರೆ ಮುಂದಿನ ರಸ್ತೆ ಮಾತ್ರ.

ಮೆರವಣಿಗೆಯ ಮುಂಜಾನೆ ಜಗಳವಾದದ್ದು ಈ ಕಣ್ಣಪಟ್ಟಿಯ ಮೇಲೆಯೇ. ರಾಣಿಯ ಕುದುರೆಗೆ ಟಾಂಗಾದ ಪಟ್ಟಿ ಶೋಭಿಸುವುದಿಲ್ಲ, ತೆಗೆಯಬೇಕು ಎಂದರು ಸಮಿತಿಯವರು. ತೆಗೆದರೆ ನಾನು ಪಕ್ಕದಲ್ಲಿ ನಡೆಯಬೇಕು ಎಂದರು ಚಾಚಾ. ರಾಣಿಯ ಪಕ್ಕದಲ್ಲಿ ಲುಂಗಿಯುಟ್ಟ ಟಾಂಗಾದವನೇ ಎಂದು ಯಾರೋ ಅಂದರು. ಕೊನೆಗೆ ನಮ್ಮ ಚಿತ್ರಕಲೆಯ ಮಾಸ್ತರರು ಒಂದು ಉಪಾಯ ಹೂಡಿದರು. ಚಾಚಾರಿಗೆ ಕೆಂಪು ಮುಂಡಾಸು ಸುತ್ತಿ, ಸೊಂಟಕ್ಕೆ ಪಟ್ಟಿ ಬಿಗಿದು, ಕೈಗೆ ಬೆಳ್ಳಿಕಾಗದದ ಈಟಿ ಕೊಟ್ಟು ಕಿತ್ತೂರಿನ ಸೈನಿಕನನ್ನಾಗಿಸಿದರು. ಕಣ್ಣಪಟ್ಟಿ ಹೋಯಿತು, ಚಾಚಾ ಉಳಿದರು. ಬಲಗೈಯಲ್ಲಿ ಈಟಿ, ಎಡಗೈಯಲ್ಲಿ ಮೋತಿಯ ಹಗ್ಗ. ನನ್ನ ಬಲಗೈಯಲ್ಲಿ ಮರದ ಕತ್ತಿ, ಎಡಗೈಯಲ್ಲಿ ಸಡಿಲವಾದ ಲಗಾಮು.

ಪೇಟೆ ದಾಟುವವರೆಗೆ ಎಲ್ಲವೂ ಚೆನ್ನಾಗಿಯೇ ಸಾಗಿತು. ಬ್ಯಾಂಡಿನ ಸಪ್ಪಳಕ್ಕೆ ಮೋತಿ ಸೊಪ್ಪು ಹಾಕಲಿಲ್ಲ. ಡಾಂಬರು ರಸ್ತೆಯಲ್ಲಿ ಲಾಳ ಜಾರುತ್ತದೆಂದು ಚಾಚಾ ಅದನ್ನು ರಸ್ತೆಯಂಚಿನ ಮಣ್ಣಿನ ಮೇಲೆಯೇ ನಡೆಸುತ್ತಿದ್ದರು. ಬಸ್‌ ನಿಲ್ದಾಣದ ತಿರುವಿನಲ್ಲಿ ಒಂದು ಅಂಗಡಿಯ ಮಾಳಿಗೆಯಿಂದ ಯಾರೋ ದೇಶಾಭಿಮಾನಿಗಳು ಪಟಾಕಿಯ ಸರ ಹಚ್ಚಿ ಕೆಳಗೆ ಬಿಟ್ಟರು. ಎಂಟು ದಿನದ ತಾಲೀಮಿನಲ್ಲಿ ಪಟಾಕಿ ಇರಲಿಲ್ಲ.

ಮೋತಿ ಓಡಲಿಲ್ಲ. ನಿಂತುಬಿಟ್ಟಿತು. ಸಿನಿಮಾದಲ್ಲಿ ಕುದುರೆ ಮುಂಗಾಲೆತ್ತಿ ಕೆನೆಯುತ್ತದೆ, ಮೋತಿ ನಡುಗಿತು. ಅಜ್ಜಿಯ ಸೀರೆಯ ಮಡಿಕೆಗಳನ್ನೂ ಜೀನಿನ ದಪ್ಪವನ್ನೂ ದಾಟಿ ಆ ನಡುಕ ನನ್ನ ಮೊಣಕಾಲಿಗೆ ತಾಗುತ್ತಿತ್ತು. ಕಿವಿಗಳು ತಲೆಗೆ ಅಂಟಿಕೊಂಡಿದ್ದವು. ನಾನು ಚಾಚಾ ಹೇಳಿಕೊಟ್ಟಿದ್ದಂತೆ ಲಗಾಮನ್ನು ಮುಟ್ಟದೆ, ಕತ್ತಿಯನ್ನು ತೊಡೆಯ ಮೇಲಿಟ್ಟು, ಅದರ ಕೊರಳಿನ ಮೇಲೆ ಅಂಗೈಯೂರಿದೆ. ಹಿಂದಿನಿಂದ ಬರುತ್ತಿದ್ದ ಭಾರತಮಾತೆಯ ಎತ್ತಿನ ಗಾಡಿ ನಮಗೆ ಹಾಯುವಷ್ಟು ಹತ್ತಿರ ಬಂದು ನಿಂತಿತು. ಜನ ಇದೆಲ್ಲ ಪ್ರದರ್ಶನದ ಭಾಗವೆಂದೇ ತಿಳಿದು ಚೆನ್ನಮ್ಮಾಜಿಗೆ ಜಯವಾಗಲಿ ಎಂದು ಕೂಗಿದರು. ಕೂಗಿದಷ್ಟೂ ನಡುಕ ಹೆಚ್ಚಿತು. ಚಾಚಾ ಈಟಿಯನ್ನು ನೆಲಕ್ಕೆ ಹಾಕಿ, ಮೋತಿಯ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಅದರ ಕೆನ್ನೆಗೆ ಕೆನ್ನೆಯಿಟ್ಟು, "ಬಸ್ ಬೇಟಿ, ಬಸ್" ಎನ್ನತೊಡಗಿದರು. ಆ ಮಾತು ಮೋತಿಗೋ ನನಗೋ ತಿಳಿಯಲಿಲ್ಲ. ಇಬ್ಬರಿಗೂ ಅವರು ಅದೇ ಶಬ್ದವನ್ನು ಬಳಸುತ್ತಿದ್ದರು. ಆಮೇಲೆ ಜನರ ಕಡೆ ತಿರುಗಿ, ತಮ್ಮ ವೇಷಕ್ಕೆ ತಕ್ಕ ದನಿಯಲ್ಲಿ, "ಬಾಯಿ ಮುಚ್ಚರಿ ಎಲ್ಲಾರೂ!" ಎಂದು ಗುಡುಗಿದರು. ಕಿತ್ತೂರಿನ ಸೈನಿಕನ ಅಪ್ಪಣೆ! ಜನ ಬಾಯಿ ಮುಚ್ಚಿದರು, ಬ್ಯಾಂಡೂ ನಿಂತಿತು. ಅಲ್ಲಿಂದ ತಹಸೀಲ್ದಾರ ಕಚೇರಿಯ ಬಯಲಿನವರೆಗೆ ಮೆರವಣಿಗೆ ನಿಶ್ಶಬ್ದವಾಗಿ ನಡೆಯಿತು. ಮೋತಿಯ ಗೊರಸಿನ ಸಪ್ಪಳ, ಎತ್ತುಗಳ ಗೆಜ್ಜೆ, ಅಷ್ಟೇ. ಮೆರವಣಿಗೆಯ ಕಳೆಯೇ ಹೋಯಿತೆಂದು ಕೆಲವರು ಬೇಸರಪಟ್ಟರು. ನನ್ನ ಅಜ್ಜಿ ಮಾತ್ರ, "ಆ ಹೊತ್ತಿನಾಗ ಖರೇನ ರಾಣಿ ಹೊಂಟಂಗ ಕಂಡಿತವ್ವಾ" ಎಂದಳು.

ಸಭೆಯಲ್ಲಿ ನನಗೆ ಹಾರ ಹಾಕಿದರು. ವಂದನಾರ್ಪಣೆಯಲ್ಲಿ ಧ್ವನಿವರ್ಧಕ ಒದಗಿಸಿದವರ ಹೆಸರು ಬಂತು, ಪೆಂಡಾಲಿನವರ ಹೆಸರು ಬಂತು, ಬ್ಯಾಂಡಿನವರದು ಎರಡು ಸಲ ಬಂತು. ಚಾಚಾರಿಗೆ ಟಾಂಗಾದ ಒಂದು ದಿನದ ಬಾಡಿಗೆ ಸಂದಿತು. ಎಂಟು ಮುಂಜಾನೆಗಳ ಲೆಕ್ಕ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೈದಾನದ ಅಂಚಿನ ಬೇವಿನ ಮರದ ನೆರಳಿನಲ್ಲಿ ಅವರು ಮುಂಡಾಸು ಬಿಚ್ಚಿ ಅದರಿಂದಲೇ ಮೋತಿಯ ಬೆವರು ಒರೆಸುತ್ತಿದ್ದದ್ದನ್ನು ನಾನು ವೇದಿಕೆಯ ಮೇಲಿನಿಂದ ನೋಡಿದೆ.

ಅಂದಿನಿಂದ ಯಾವ ಮೆರವಣಿಗೆಯನ್ನು ನೋಡಿದರೂ ನನ್ನ ಕಣ್ಣು ಸವಾರನನ್ನು ಬಿಟ್ಟು ಕುದುರೆಯ ಕಿವಿಯ ಕಡೆಗೆ ಹೋಗುತ್ತದೆ. ದೆಹಲಿಯ ಗಣರಾಜ್ಯೋತ್ಸವದ ಪಥಸಂಚಲನ 1955ರಿಂದ ರಾಜಪಥದಲ್ಲಿ ನಡೆದುಕೊಂಡು ಬಂದಿದೆ. ಆ ಹಾದಿಗೆ 2022ರಲ್ಲಿ ಕರ್ತವ್ಯಪಥವೆಂದು ಹೆಸರಾಯಿತು. ಅಲ್ಲಿ ಸೈನ್ಯದ ತುಕಡಿಗಳ ಮುಂಚೂಣಿಯಲ್ಲಿ ಕಾಣಿಸಿಕೊಳ್ಳುವ ಕುದುರೆ ಸವಾರರು 61ನೆಯ ಅಶ್ವದಳದವರು. ಜಯಪುರದಲ್ಲಿ ನೆಲೆಯಾದ ಈ ದಳ ರೂಪುಗೊಂಡದ್ದು 1953ರಲ್ಲಿ, ಹಳೆಯ ಸಂಸ್ಥಾನಗಳ ಅಶ್ವಸೈನ್ಯಗಳನ್ನು ಕೂಡಿಸಿ. ಗ್ವಾಲಿಯರ್, ಜೋಧಪುರ, ಪಟಿಯಾಲಗಳ ಸವಾರರ ಜೊತೆಗೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಅದರಲ್ಲಿ ಬೆರೆತುಹೋದರು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಮೆಷಿನ್‌ಗನ್ನುಗಳ ಎದುರಿಗೆ ಈಟಿ ಹಿಡಿದು ಗೆದ್ದವರು ಜೋಧಪುರದವರು ಮತ್ತು ಈ ಮೈಸೂರಿನವರು. ಬೇರೊಬ್ಬರ ಸಾಮ್ರಾಜ್ಯಕ್ಕಾಗಿ ಹಾಗೆ ಓಡಿದ ಪಡೆಯ ವಾರಸುದಾರರು ಈಗ ನಮ್ಮ ಗಣರಾಜ್ಯಕ್ಕಾಗಿ ಮೆಲ್ಲಗೆ ನಡೆಯುತ್ತಾರೆ. ಎರಡರಲ್ಲಿ ಎರಡನೆಯದೇ ನನಗೆ ಹೆಚ್ಚು ಗಂಭೀರವಾಗಿ ಕಾಣುತ್ತದೆ. ಆ ಯುದ್ಧದ ನೆನಪಿಗೆ 1922ರಲ್ಲಿ ದೆಹಲಿಯಲ್ಲಿ ನಿಲ್ಲಿಸಿದ ತೀನ್‌ಮೂರ್ತಿ ಸ್ಮಾರಕದಲ್ಲಿ ಹೈದರಾಬಾದು, ಜೋಧಪುರ, ಮೈಸೂರುಗಳನ್ನು ಪ್ರತಿನಿಧಿಸುವ ಮೂವರು ಕಂಚಿನ ಸೈನಿಕರಿದ್ದಾರೆ. ಮೂವರೂ ನೆಲದ ಮೇಲೆ ನಿಂತವರು. ಪ್ರತಿಮೆಗೆ ಕುದುರೆ ಬೇಕೇ ಬೇಕು ಎನ್ನುವ ನಮ್ಮ ದೇಶದಲ್ಲಿ ನಿಜವಾದ ಅಶ್ವಸೈನಿಕರಿಗೆ ಕುದುರೆ ಇಲ್ಲವಾಯಿತು. ಆ 61ನೆಯ ದಳವನ್ನು ಟ್ಯಾಂಕುಗಳ ದಳವಾಗಿ ಪರಿವರ್ತಿಸುವ ಆಲೋಚನೆ ನಡೆದಿದೆಯೆಂದು 2020ರಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂತು. ಆ ಸುದ್ದಿ ಬಂದ ಮೇಲೂ ಜನವರಿ 26ರಂದು ಅವರು ಕುದುರೆಗಳ ಮೇಲೆಯೇ ಬಂದಿದ್ದಾರೆ.

ಮೈಸೂರಿನ ಕ್ರಮ ಚಾಚಾರ ಕ್ರಮಕ್ಕೆ ಇನ್ನೂ ಹತ್ತಿರದ್ದು. ಜಂಬೂಸವಾರಿಯ ದಿನ ಕುಶಾಲತೋಪು ಹಾರಿಸುತ್ತಾರಷ್ಟೆ. ಅದಕ್ಕೆ ಮೊದಲೇ ಆನೆಗಳನ್ನೂ ಪೊಲೀಸರ ಅಶ್ವದಳದ ಕುದುರೆಗಳನ್ನೂ ಕರೆತಂದು, ಪಿರಂಗಿಯ ಶಬ್ದ ಕೇಳಿಸಿ, ಅಭ್ಯಾಸ ಮಾಡಿಸುತ್ತಾರೆ. ಇದಕ್ಕೆ ಸಿಡಿಮದ್ದು ತಾಲೀಮು ಎಂದೇ ಹೆಸರು. ಮೊದಲ ಸಲ ಕೆಲವು ಬೆಚ್ಚುತ್ತವೆ, ಹಿಂದೆ ಸರಿಯುತ್ತವೆ. ಬರಬರುತ್ತ ನಿಲ್ಲಲು ಕಲಿಯುತ್ತವೆ. ದಸರೆಯನ್ನು ನೋಡಲು ಬರುವ ಲಕ್ಷಾಂತರ ಜನ ಅಂಬಾರಿಯನ್ನು ನೋಡುತ್ತಾರೆ. ನನ್ನನ್ನು ಕೇಳಿದರೆ ನೋಡಬೇಕಾದದ್ದು ಈ ತಾಲೀಮನ್ನು.

ನಮ್ಮ ಹಿಂದಿನವರಿಗೂ ಇದರ ಅರಿವಿತ್ತು. ಕನ್ನಡದಲ್ಲಿ ಅಭಿನವಚಂದ್ರನ ಅಶ್ವಶಾಸ್ತ್ರವಿದೆ, ಪದ್ಮಣಪಂಡಿತನ ಹಯಸಾರಸಮುಚ್ಚಯವಿದೆ. ಕುದುರೆಯ ಬಣ್ಣ, ಸುಳಿ, ರೋಗ, ಮದ್ದು ಇವುಗಳೇ ಕಾವ್ಯವಸ್ತುವಾಗಬಹುದಾಗಿದ್ದ ಕಾಲ ಅದು. ಈ ಗ್ರಂಥಗಳನ್ನು ನಮ್ಮ ಪಠ್ಯಕ್ರಮಗಳು ಶಾಸ್ತ್ರಸಾಹಿತ್ಯವೆಂಬ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಪರೀಕ್ಷೆಗೆ ಬರುವುದು ಹೆಸರು ಮಾತ್ರ.

2024ರ ಅಕ್ಟೋಬರಿನಲ್ಲಿ ಕಿತ್ತೂರಿನ ವಿಜಯಕ್ಕೆ ಇನ್ನೂರು ವರ್ಷವಾಯಿತು. ಆ ಸಂದರ್ಭದಲ್ಲಿ ಬೇರೊಂದು ಊರಿನವರು ನನ್ನನ್ನು ಮುಖ್ಯ ಅತಿಥಿಯಾಗಿ ಕರೆದಿದ್ದರು. ಅಲ್ಲಿಯೂ ಮೆರವಣಿಗೆ, ಅಲ್ಲಿಯೂ ಒಂಬತ್ತನೆಯ ತರಗತಿಯ ಒಬ್ಬ ಚೆನ್ನಮ್ಮ. ಈ ಸಲದ ಕುದುರೆ ಬಿಳಿಯದೇ. ಮದುವೆಗಳಿಗೆ ಬಾಡಿಗೆಗೆ ಹೋಗುವಂಥದು. ಅದರ ಬೆನ್ನಿಗೇ, ಮಾರುದೂರದಲ್ಲಿ, ಮನೆಯಷ್ಟೆತ್ತರದ ಧ್ವನಿಪೆಟ್ಟಿಗೆಗಳನ್ನು ಹೇರಿಕೊಂಡ ಲಾರಿ ನಿಂತಿತ್ತು. ಅದಿನ್ನೂ ಬಾಯಿ ತೆರೆದಿರಲಿಲ್ಲ. ಕುದುರೆಯನ್ನು ಹಿಡಿದಿದ್ದ ತರುಣನನ್ನು ಕೇಳಿದೆ. "ಮದುವಿ ಬ್ಯಾಂಡ್ ಗೊತ್ತೈತ್ರಿ ಇದಕ್ಕ ಅಮ್ಮಾರ, ಇಂಥಾದ್ದು ಗೊತ್ತಿಲ್ಲ" ಎಂದ. ಹುಡುಗಿ ಕುದುರೆಯನ್ನು ನೋಡಿದ್ದು ಅಂದೇ ಮೊದಲು. ಮುಖ್ಯ ಅತಿಥಿಗಿರುವ ಅಧಿಕಾರ ಅಲ್ಪವಾದದ್ದು. ಇದ್ದಷ್ಟನ್ನೂ ನಾನು ಅಲ್ಲಿಯೇ ಖರ್ಚು ಮಾಡಿದೆ. ಲಾರಿ ಮೆರವಣಿಗೆಯ ಕೊನೆಗೆ ಹೋಗದೆ ನಾನು ಚಾಲನೆ ಕೊಡುವುದಿಲ್ಲವೆಂದೆ. ಸಂಘಟಕರು ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಒಬ್ಬರು ನನ್ನ ವಯಸ್ಸನ್ನು ಕುರಿತು ಏನೋ ಅಂದದ್ದೂ ಕೇಳಿಸಿತು. ಅರ್ಧ ಗಂಟೆಯ ಮೇಲೆ ಲಾರಿ ಹಿಂದಕ್ಕೆ ಹೋಯಿತು. ಸ್ವಾಗತದ ಪಟ್ಟಿಯಲ್ಲಿ ಆ ತರುಣನ ಹೆಸರನ್ನೂ ಸೇರಿಸಿ ಎಂದದ್ದಕ್ಕೆ ಯಾವ ವಿರೋಧವೂ ಬರಲಿಲ್ಲ. ಅದಕ್ಕೆ ಲಾರಿ ಸರಿಸಬೇಕಾಗಿರಲಿಲ್ಲವಲ್ಲ.

ಆ ಅರ್ಧ ಗಂಟೆಯಲ್ಲಿ ಹುಡುಗಿ ಕುದುರೆಗೆ ಬೆಲ್ಲ ತಿನ್ನಿಸುತ್ತಿದ್ದಳು. ಹತ್ತುವ ಮೊದಲು ನನ್ನ ಬಳಿ ಬಂದು, "ಮೇಡಂ, ಲಗಾಮು ನಾನೇ ಹಿಡೀಲೇನ್ರಿ?" ಎಂದು ಕೇಳಿದಳು. ಅವನನ್ನು ಕೇಳು ಎಂದೆ. ಆತ ಸ್ವಲ್ಪ ಯೋಚಿಸಿ, ಹಗ್ಗವನ್ನು ತನ್ನ ಕೈಯಲ್ಲೇ ಉಳಿಸಿಕೊಂಡು, ಲಗಾಮನ್ನು ಅವಳ ಬೆರಳುಗಳ ನಡುವೆ ಸಡಿಲವಾಗಿ ಇಟ್ಟ. ಕುದುರೆ ಒಂದು ಕಿವಿಯನ್ನು ಅವಳ ಕಡೆಗೂ ಇನ್ನೊಂದನ್ನು ಅವನ ಕಡೆಗೂ ತಿರುಗಿಸಿತು, ಆಮೇಲೆ ನಡೆಯಿತು.